ಸರಾಸರಿ ಹೇಳದ ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಪ್ಲಾಸ್ಟಿಕ್ ತಯಾರಿಕೆಯ ಲೆಕ್ಕಾಚಾರಕ್ಕೆ ಪ್ರೋಗ್ರಾಂ ಬರೆಯುತ್ತೇನೆ. ಆ ಕೆಲಸ ನನಗೆ ಕಲಿಸಿದ ಒಂದು ಪಾಠವನ್ನು ಹೇಳುತ್ತೇನೆ.

ಟಿ.ವಿ. ಡಬ್ಬದಲ್ಲಿ ಬರುವ ಥರ್ಮಾಕೋಲ್ ನಿಮಗೆಲ್ಲ ಗೊತ್ತು. ಸ್ಟೈರೀನ್ ಎಂಬ ದ್ರವದ ಪುಟ್ಟ ಅಣುಗಳು ಹೂಮಾಲೆಯಂತೆ ಒಂದಕ್ಕೊಂದು ಸೇರಿ ಅದು ಆಗುತ್ತದೆ. ಮಾಲೆ ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಕಟ್ಟಿ ಮುಗಿದ ಮಾಲೆಗಳನ್ನು ಅಳೆಯಬಹುದು.

ಅಳೆಯುವ ಉಪಾಯ ಸೊಗಸಾಗಿದೆ. ಸಣ್ಣ ರಂಧ್ರಗಳ ಮಣಿ ತುಂಬಿದ ಕೊಳವೆಯಲ್ಲಿ ದ್ರಾವಣವನ್ನು ಹರಿಸುತ್ತಾರೆ. ಜಾತ್ರೆಯಲ್ಲಿ ತೇರು ನೇರ ಬೀದಿಯಲ್ಲೇ ಸಾಗುತ್ತದೆ, ಮಕ್ಕಳು ಸಂದಿಗೊಂದಿ ಹೊಕ್ಕು ತಡವಾಗಿ ಬರುತ್ತಾರೆ. ಹಾಗೆಯೇ ಉದ್ದದ ಮಾಲೆ ಮೊದಲು, ಗಿಡ್ಡದ್ದು ಆಮೇಲೆ ಹೊರಬರುತ್ತದೆ. ಯಾವ ಉದ್ದದವು ಎಷ್ಟಿವೆ ಎಂಬ ನಕ್ಷೆ ಸಿಗುತ್ತದೆ.

1987ರಲ್ಲಿ ವಿಯೆನ್ನಾದ ಓಲಾಯ್ ಮತ್ತು ಸಂಗಡಿಗರು ಈ ನಕ್ಷೆಯಿಂದಲೇ ವೇಗ ಕಂಡುಹಿಡಿಯುವ ದಾರಿ ತೋರಿಸಿದರು. ದ್ರವಕ್ಕೆ ಲೇಸರ್ ಬೆಳಕನ್ನು ಸಮಾನ ಅಂತರದಲ್ಲಿ ಮಿಂಚಿಸಬೇಕು. ಪ್ರತಿ ಮಿಂಚಿಗೂ ಹೊಸ ಮಾಲೆಗಳು ಶುರುವಾಗುತ್ತವೆ, ಹಳೆಯವುಗಳಲ್ಲಿ ಹಲವು ಅಲ್ಲಿಗೇ ನಿಲ್ಲುತ್ತವೆ. ಆದ್ದರಿಂದ ಎರಡು ಮಿಂಚುಗಳ ನಡುವೆ ಬೆಳೆದ ಉದ್ದ ನಕ್ಷೆಯಲ್ಲಿ ಗುಡ್ಡದಂತೆ ಎದ್ದು ಕಾಣುತ್ತದೆ. ಒಂದು ಮಿಂಚಿನಿಂದ ತಪ್ಪಿಸಿಕೊಂಡವು ಇಮ್ಮಡಿ ಉದ್ದದಲ್ಲಿ ಇನ್ನೊಂದು ಸಣ್ಣ ಗುಡ್ಡ ಮಾಡುತ್ತವೆ. ಅದು ಕಂಡರೆ ಲೆಕ್ಕ ಸರಿ ಎಂಬ ಧೈರ್ಯ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಸೆಕೆಂಡಿಗೊಮ್ಮೆ ಮಿಂಚಿಸಿದರೆ ಆ ಉದ್ದ ಸುಮಾರು 370 ಕೊಂಡಿ. ಅಂದರೆ ಒಂದು ಸೆಕೆಂಡಿಗೆ 740. ನಮ್ಮ ಗಣಿತದ ಮೇಷ್ಟ್ರು ಕಲಿಸಿದ ಭಾಗಾಕಾರವೇ ಸಾಕು!

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಸರಾಸರಿ ಉದ್ದವನ್ನಷ್ಟೇ ತೋರಿಸುವ ಪ್ರೋಗ್ರಾಂ ಬರೆದಿದ್ದೆ. ಎರಡು ಮಾದರಿಗಳಿಗೆ ಒಂದೇ ಉತ್ತರ ಬಂತು. ಎರಡೂ ಒಂದೇ ಎಂದು ವರದಿ ಕೊಟ್ಟೆ. ಹಿರಿಯ ರಸಾಯನಶಾಸ್ತ್ರಜ್ಞೆಯೊಬ್ಬರು ಪೂರ್ತಿ ನಕ್ಷೆ ಹಾಕಿಸಿದರು. ಒಂದರಲ್ಲಿ ಮಾಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ. ಇನ್ನೊಂದರಲ್ಲಿ ಕೆಲವು ತೀರಾ ಉದ್ದ, ಬಹಳಷ್ಟು ಬೆಳೆಯುವ ಮೊದಲೇ ನಿಂತಂಥವು. ನನ್ನ ಸರಾಸರಿ ಅವನ್ನು ಮುಚ್ಚಿಹಾಕಿತ್ತು.

ಅಂದು ನನಗೆ ನೆನಪಾದದ್ದು ನನ್ನ ಬೆಂಚಿನ ಗೆಳೆಯ. ಲೆಕ್ಕದಲ್ಲಿ ನನಗಿಂತ ಮುಂದಿದ್ದ. ಒಂಬತ್ತನೇ ತರಗತಿಯ ನಡುವೆ ಅವನ ಅಪ್ಪ ಹಾಸಿಗೆ ಹಿಡಿದರು, ಅವನು ಕೂಲಿಗೆ ಹೋದ. ಮರುವರ್ಷ ನಮ್ಮ ಎಸ್.ಎಸ್.ಎಲ್.ಸಿ. ಫಲಿತಾಂಶ ಚೆನ್ನಾಗಿ ಬಂತೆಂದು ಎಲ್ಲರೂ ಸಂತೋಷಪಟ್ಟೆವು. ಪರೀಕ್ಷೆಗೇ ಕೂರದ ಅವನು ಆ ಶೇಕಡಾವಾರಿನಲ್ಲಿ ಇರಲೇ ಇಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಇನ್ನು ಮುಂದೆ ಪ್ರತಿ ವರ್ಷ ಫಲಿತಾಂಶದ ಜೊತೆಗೆ, ಎಂಟನೇ ತರಗತಿಗೆ ಸೇರಿದವರಲ್ಲಿ ಯಾರು ಎಲ್ಲಿ ನಿಂತರು ಎಂದೂ ಹಾಜರಿ ಪುಸ್ತಕ ನೋಡಿ ಬರೆದಿಡೋಣ. ಆ ಮನೆಗಳಿಗೆ ಹೋಗೋಣ. ಪಟ್ಟಿ ಮಾಡುವ ಕೆಲಸ ನನಗಿರಲಿ, ಮನೆ ಬಾಗಿಲು ತಟ್ಟಲು ನೀವು ಜೊತೆಗೆ ಬನ್ನಿ.