ಬಾಗಿಲಲ್ಲಿ ನಿಂತವರು ಯಾರು?



ನಾಳೆ ಕೆಲಸಕ್ಕೆ ಅರ್ಜಿ ಹಾಕಲಿರುವ ನಿಮಗೆ ಅಮೆರಿಕದ ಒಬ್ಬ ಪ್ರಾಧ್ಯಾಪಕಿಯ ಪರಿಚಯ ಮಾಡಿಕೊಡಬಯಸುತ್ತೇನೆ. ಅವರ ಹೆಸರು ಲಾರೆನ್ ರಿವೇರಾ. ಯೇಲ್‌ನಲ್ಲಿ ಪದವಿ, ಹಾರ್ವರ್ಡ್‌ನಲ್ಲಿ ಸಮಾಜಶಾಸ್ತ್ರದ ಪಿಎಚ್.ಡಿ. ಪಡೆದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೆಲಾಗ್ ಮ್ಯಾನೇಜ್‌ಮೆಂಟ್ ಶಾಲೆಯನ್ನು ಸೇರಿದವರು. ವ್ಯಾಪಾರ ಕಲಿಸುವ ಕಡೆ ಸಮಾಜಶಾಸ್ತ್ರದವರಿಗೇನು ಕೆಲಸ ಎಂದು ನೀವು ಕೇಳಬಹುದು. ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಹೊರಗೇ ನಿಲ್ಲಿಸುತ್ತಾರೆ ಎಂಬುದೇ ಅವರ ಅಧ್ಯಯನದ ವಿಷಯ. 2010ರ ಅವರ ಒಂದು ಲೇಖನ ಶ್ರೀಮಂತರ ನೈಟ್‌ಕ್ಲಬ್‌ನ ಬಾಗಿಲು ಕಾಯುವವರನ್ನು ಕುರಿತದ್ದು!

ದೊಡ್ಡ ಬ್ಯಾಂಕು, ವಕೀಲರ ಸಂಸ್ಥೆ, ಸಲಹಾ ಕಂಪನಿಗಳ ಬಾಗಿಲಲ್ಲೂ ಅವರು ಕೇಳಿದ್ದು ಅದೇ ಪ್ರಶ್ನೆ. ನೇಮಕ ಮಾಡುವ 120 ಮಂದಿಯನ್ನು ಮಾತಾಡಿಸಿದರು. ಒಂದು ಕಂಪನಿಯ ನೇಮಕ ವಿಭಾಗದಲ್ಲಿ ತಿಂಗಳುಗಟ್ಟಲೆ ಇದ್ದು ಕಣ್ಣಾರೆ ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಇದು: ಸಂದರ್ಶನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಲ್ಲಕ್ಕಿಂತ ಮುಖ್ಯವೆಂದು ನೋಡುತ್ತಿದ್ದುದು, ಅಭ್ಯರ್ಥಿ ತಮಗೆ 'ಹೊಂದುತ್ತಾನೆಯೇ' ಎಂಬುದನ್ನು. ಅವನ ಆಟ, ಹವ್ಯಾಸ, ಮಾತಿನ ಧಾಟಿ ತಮ್ಮಂತೆಯೇ ಇದೆಯೇ? ವಿಮಾನ ನಿಲ್ದಾಣದಲ್ಲಿ ಇವನ ಜೊತೆ ಸಿಕ್ಕಿಹಾಕಿಕೊಂಡರೆ ಹೊತ್ತು ಹೋಗುತ್ತದೆಯೇ? ಇದು ಕೆಲಸಕ್ಕೆ ಜನ ಆರಿಸುವುದೋ, ಸಂಬಂಧ ನೋಡುವುದೋ ಎಂದು ನನಗೆ ನಗು ಬಂತು.

ಮುಂದಿನದು ನಗುವ ವಿಷಯವಲ್ಲ. ರಿವೇರಾ ಮತ್ತು ಆಂದ್ರಾಶ್ ಟಿಲ್ಚಿಕ್ ಅಮೆರಿಕದ 14 ನಗರಗಳ 316 ವಕೀಲ ಕಚೇರಿಗಳಿಗೆ ಕಾಲ್ಪನಿಕ ವಿದ್ಯಾರ್ಥಿಗಳ ಅರ್ಜಿಗಳನ್ನು ಕಳಿಸಿದರು. ಓದು, ಅಂಕ, ಅನುಭವ ಎಲ್ಲವೂ ಒಂದೇ. ವ್ಯತ್ಯಾಸ ಮನೆತನವನ್ನು ಸೂಚಿಸುವ ಸಣ್ಣ ಸಾಲುಗಳಲ್ಲಿ ಮಾತ್ರ. ಒಬ್ಬನಿಗೆ ಹಾಯಿದೋಣಿ, ಪೋಲೊ, ಶಾಸ್ತ್ರೀಯ ಸಂಗೀತ. ಇನ್ನೊಬ್ಬನಿಗೆ ಫುಟ್‌ಬಾಲ್, ಹಳ್ಳಿಗಾಡಿನ ಹಾಡು. 2016ರಲ್ಲಿ ಪ್ರಕಟವಾದಂತೆ, ಸಿರಿವಂತನೆಂದು ತೋರಿದ ಹುಡುಗನಿಗೆ 100ಕ್ಕೆ 16 ಕಡೆಯಿಂದ ಕರೆ ಬಂತು. ಬಡವನೆಂದು ತೋರಿದವನಿಗೆ 100ಕ್ಕೆ ಒಂದರ ಆಸುಪಾಸು. ಸಿರಿವಂತ ಹುಡುಗಿಗೂ ಆ ಲಾಭ ಸಿಗಲಿಲ್ಲ, ಅವಳಿಗೆ ಬಂದದ್ದು 100ಕ್ಕೆ 4ರಷ್ಟು. ಸಂಸಾರಕ್ಕಾಗಿ ಕೆಲಸ ಬಿಟ್ಟಾಳು ಎಂಬ ಗುಮಾನಿ ಅವಳ ಮೇಲೆ.

ಬಡ ಅರ್ಜಿಯಲ್ಲಿದ್ದ ಇನ್ನೊಂದು ಸಾಲು ನನ್ನನ್ನು ಬಹಳ ಕಾಡಿತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದ ವಿದ್ಯಾರ್ಥಿಗಳಿಗೆ ತಾನು ಮಾರ್ಗದರ್ಶಕನಾಗಿದ್ದೆ ಎಂದು ಅವನು ಬರೆದುಕೊಂಡಿದ್ದ. ನಿಮ್ಮಲ್ಲಿ ಅನೇಕರು ಅಂಥ ಮನೆಯವರೇ. ಬಯೋಡೇಟಾದಿಂದ ಅಂಥ ಸಾಲನ್ನು ಅಳಿಸಿ ಎಂದು ಹೇಳಲು ಶಿಕ್ಷಕಿಯಾದ ನನಗೆ ಬಾಯಿ ಬರುವುದಿಲ್ಲ.

ಹಿರಿಯರಲ್ಲಿ ಒಂದು ಅರಿಕೆ. ಸಂದರ್ಶನಕ್ಕೆ ಕುಳಿತಾಗ ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳಿ. ಪರಸ್ಪರ ಚರ್ಚಿಸುವ ಮೊದಲೇ ಅಂಕಗಳನ್ನು ಬರೆದಿಡಿ. 'ನೀನು ಯಾರ ಮಗ?' ಎಂಬ ಪ್ರಶ್ನೆ ಚಹಾದ ಹೊತ್ತಿಗಿರಲಿ.