ಮುಗ್ಗಟ್ಟಿನ ಕಾಲದಲ್ಲಿ ಲಾರಿ ಚಾಲಕನ ವೃತ್ತಿ



ಕಾಲೇಜಿನಲ್ಲಿ ಪಾಠ ಹೇಳಿ ಜೀವಿಸತಕ್ಕ ನಾವು ಲಾರಿಯ ವಿಷಯವಾಗಿ ಮಾತನಾಡಲು ಹೊರಟಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಲಾರಿಯ ಸ್ಟೀರಿಂಗು ಹಿಡಿದು ನಾವು ಮಾರುದೂರವೂ ಹೋದವರಲ್ಲ. ಆದರೆ ನಾವು ಉಣ್ಣುವ ಅಕ್ಕಿ, ಉಡುವ ಬಟ್ಟೆ, ಓದುವ ಪುಸ್ತಕ, ಇವುಗಳಲ್ಲಿ ಲಾರಿಯನ್ನೇರದೆ ನಮ್ಮ ಮನೆಗೆ ಬಂದದ್ದು ಅತಿ ವಿರಳ. ಅವನ್ನು ತಂದುಕೊಟ್ಟವನ ಅನ್ನದ ಯೋಚನೆಯನ್ನು ಕೆಲವು ನಿಮಿಷ ಮಾಡುವುದು ನಮಗೆ ಸಲ್ಲುವ ಕೆಲಸವೇ ಸರಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ಸೀಮೆಯು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರನ್ನು ಪಡೆಯಿತು. ಹೆಸರು ಯಾವುದಾದರೂ ಇಲ್ಲಿಯ ಜನರಿಗೆ ಮುಗ್ಗಟ್ಟೆಂಬುದು ಹೊಸದಲ್ಲ. 1929ರ ತರುವಾಯ ಜಗತ್ತಿನ ವ್ಯಾಪಾರವೇ ಕುಸಿದಾಗ, ಹೊರದೇಶದ ಅಗ್ಗದ ರೇಷ್ಮೆಯ ಮುಂದೆ ಮೈಸೂರಿನ ರೇಷ್ಮೆ ನಿಲ್ಲಲಾರದೆ ಹೋಯಿತು. 1934ರಲ್ಲಿ ರಕ್ಷಣಾ ಸುಂಕವು ಬರುವ ಹೊತ್ತಿಗೆ ಹಿಪ್ಪುನೇರಳೆಯನ್ನು ನಂಬಿದ್ದ ಎಷ್ಟೋ ಸಂಸಾರಗಳು ಬಡವಾಗಿದ್ದುವು. ಬೆಲೆ ಬಿದ್ದರೆ ಮೊದಲು ಬೆಳೆಗಾರನಿಗೆ ಪೆಟ್ಟು. ಅವನ ಹಿಂದೆಯೇ ಆ ಸರಕನ್ನು ಸಾಗಿಸುವವನಿಗೆ ಪೆಟ್ಟು.

ನಮ್ಮ ಕಾಲದ ಪೆಟ್ಟು ಎರಡು ಬಗೆಯಾಗಿ ಬಂದಿತು. 2018ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಲಾರಿಗಳು ಹೊರಬಹುದಾದ ತೂಕವನ್ನು ಹೆಚ್ಚಿಸಿತು. ನಾಲ್ಕು ಟೈರುಗಳ ಒಂದು ಅಚ್ಚಿನ ಮೇಲೆ 10.2 ಟನ್ನು ಇದ್ದ ಮಿತಿ 11.5 ಟನ್ನಾಯಿತು. ಗಾಡಿಯ ಸ್ವಂತ ತೂಕವು ಹೆಚ್ಚಲಿಲ್ಲವಾಗಿ ಹೆಚ್ಚಿನ ಮಿತಿಯೆಲ್ಲವೂ ಸರಕಿಗೇ ದೊರೆಯಿತು. ಸರಕು ಅಷ್ಟೇ ಇದ್ದರೆ, ಅದನ್ನು ಸಾಗಿಸಲು ಕಡಿಮೆ ಲಾರಿಗಳು ಸಾಕು. ಲಾರಿ ಕಡಿಮೆಯಾದರೆ ಚಾಲಕರೂ ಕಡಿಮೆ ಸಾಕು. ಇದರ ಬಿಸಿ ಆರುವುದರೊಳಗೆ 2020ರ ಮಾರ್ಚಿ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ನಾಲ್ಕು ದಿನಗಳ ತರುವಾಯ ಎಲ್ಲ ಸರಕಿನ ಗಾಡಿಗಳಿಗೂ ರಸ್ತೆ ತೆರೆಯಿತೆಂಬುದು ನಿಜ. ಆದರೆ ಕಾರ್ಖಾನೆಗಳು ಮುಚ್ಚಿದ್ದುವು. ದಾರಿಯ ಹೋಟೆಲುಗಳು ಮುಚ್ಚಿದ್ದುವು. ಆ ವರ್ಷದ ಏಪ್ರಿಲಿನಿಂದ ಜೂನಿನವರೆಗೆ ದೇಶದ ಉತ್ಪನ್ನವು ಹಿಂದಿನ ವರ್ಷಕ್ಕಿಂತ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಇಳಿಯಿತು. ರಸ್ತೆಯುಂಟು, ಲಾರಿಯುಂಟು, ಲೋಡಿಲ್ಲ. ಇದೇ ಮುಗ್ಗಟ್ಟಿನ ಸ್ವರೂಪ.

ಆ ದಿನಗಳನ್ನು ಕಂಡುಂಡ ಚನ್ನಪಟ್ಟಣದ ಕಡೆಯ ಚಾಲಕರೊಬ್ಬರಿಗೆ, ವೃತ್ತಿಯಲ್ಲಿ ಯೋಗ್ಯತೆಯಿದ್ದರೆ ಕೆಲಸಕ್ಕೆ ಕೊರತೆಯಿಲ್ಲವೆಂದು ನಾವೊಮ್ಮೆ ಪಾಠದ ಧಾಟಿಯಲ್ಲಿ ಹೇಳಿದೆವು. ಆತ ನಕ್ಕು, “ಮೇಷ್ಟ್ರೇ, ಲೋಡೇ ಇಲ್ಲದ ಮೇಲೆ ನನ್ನ ಯೋಗ್ಯತೆ ಕಟ್ಟಿಕೊಂಡು ಏನು ಮಾಡಲಿ? ಐದು ಗಾಡಿ ಇದ್ದ ನಮ್ಮ ಯಜಮಾನರು ಎರಡೇ ಓಡಿಸಿದರು. ಆ ಎರಡಕ್ಕೆ ಯಾರು ಅನ್ನುವುದೇ ಮಾತು” ಎಂದರು. ನಮಗೆ ಉತ್ತರ ತೋರಲಿಲ್ಲ. ಚಾಲಕನ ಜಾಣತನವು ಇಲ್ಲದ ಲೋಡನ್ನು ಹುಟ್ಟಿಸಲಾರದು. ಆದುದರಿಂದ ನಮ್ಮ ಪ್ರಶ್ನೆ ಎರಡಾಗುತ್ತದೆ. ಆ ಎರಡು ಗಾಡಿಗಳು ಯಾರ ಕೈಗೆ ಹೋಗುತ್ತವೆ? ಉಳಿದ ಮೂವರ ಗತಿಯೇನು?

ಮೊದಲನೆಯದನ್ನು ನೋಡೋಣ. ಮುಗ್ಗಟ್ಟು ಬಂದಾಗ ಎಲ್ಲ ಸರಕುಗಳೂ ಒಂದೇ ದಿನ ನಿಲ್ಲುವುದಿಲ್ಲ. ಈ ಸೀಮೆಯ ಭಾಗ್ಯವೆಂದರೆ ಇಲ್ಲಿ ಸರಕುಗಳು ಹಲವು. ಬಿಡದಿಯಲ್ಲಿ ಕಾರುಗಳು, ಹಾರೋಹಳ್ಳಿಯಲ್ಲಿ ಕಾರ್ಖಾನೆಯ ಸಾಮಾನುಗಳು, ಕನಕಪುರದಲ್ಲಿ ಗ್ರಾನೈಟು ಕಲ್ಲು, ರಾಮನಗರದಲ್ಲಿ ರೇಷ್ಮೆಗೂಡು, ಚನ್ನಪಟ್ಟಣದಲ್ಲಿ ಬೊಂಬೆ ಮತ್ತು ತೆಂಗು, ಮಾಗಡಿಯ ಕಡೆ ಮಾವು ಮತ್ತು ರಾಗಿ, ಎಲ್ಲೆಲ್ಲಿಯೂ ಹಾಲು. ಮನೆ ಕಟ್ಟುವವರು ಕೈ ತಡೆದರೆ ಕಲ್ಲು ನಿಲ್ಲುತ್ತದೆ. ಕೊಳ್ಳುವವರು ಹಿಂಜರಿದರೆ ಕಾರು ನಿಲ್ಲುತ್ತದೆ. ಆದರೆ ಹಸುವು ಮುಗ್ಗಟ್ಟಿನ ಸುದ್ದಿಯನ್ನು ಓದುವುದಿಲ್ಲ. ಹಾಲು ಸಾಯಂಕಾಲಕ್ಕೆ ಬಂದೇ ಬರುತ್ತದೆ. ಬೇಸಗೆಯಲ್ಲಿ ಮಾವು ಕಾಯದೆ ಹಣ್ಣಾಗುತ್ತದೆ.

ಒಂದೇ ಬಗೆಯ ಲೋಡನ್ನು ಬಲ್ಲವನು ಆ ಲೋಡಿನೊಡನೆಯೇ ನಿಲ್ಲುತ್ತಾನೆ. ನಾಲ್ಕು ಬಗೆಯವನ್ನು ಬಲ್ಲವನಿಗೆ ಒಂದಲ್ಲ ಒಂದು ದೊರೆಯುತ್ತದೆ. ಪ್ರತಿಯೊಂದು ಸರಕಿಗೂ ಅದರದರ ಧರ್ಮವಿದೆ. ಗೂಡಿನೊಳಗೆ ಹುಳು ಜೀವಂತವಾಗಿರುತ್ತದೆ. ಅದನ್ನು ಒತ್ತಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗಿನ ಹುಳು ಸತ್ತು ಕಲೆಯಾಗಿ, ನೂಲು ಸರಿಯಾಗಿ ಬಿಚ್ಚದೆ, ಬೆಲೆ ಇಳಿಯುತ್ತದೆ. ಮಾವು ಕುಲುಕಿದರೆ ಕೆಡುತ್ತದೆ. ಕಲ್ಲಿನ ದಿಮ್ಮಿಗೆ ಸರಪಣಿ ಮತ್ತು ಅಡ್ಡಗಟ್ಟೆ ಸರಿಯಿಲ್ಲದಿದ್ದರೆ ಇಳಿಜಾರಿನಲ್ಲಿ ಅದು ಚಾಲಕನನ್ನೇ ಬಲಿ ಕೇಳುತ್ತದೆ.  ಲೋಡು ತುಂಬುವಾಗ ದೂರ ಕುಳಿತು ಬೀಡಿ ಸೇದದೆ, ಹತ್ತಿರ ನಿಂತು ನೋಡಿದವನಿಗೆ ಮಾತ್ರ ಇದು ಬರುತ್ತದೆ.

ಎರಡನೆಯ ಸಂಗತಿ, ಕಾಗದಪತ್ರ. ಸುಪ್ರೀಂ ಕೋರ್ಟಿನ ಐದು ಮಂದಿ ನ್ಯಾಯಾಧೀಶರ ಪೀಠವು 2024ರ ನವೆಂಬರಿನಲ್ಲಿ, ಲಘು ವಾಹನದ ಲೈಸೆನ್ಸುಳ್ಳವನು 7,500 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಸರಕಿನ ಗಾಡಿಯನ್ನೂ ನಡೆಸಬಹುದೆಂಬ ಹಿಂದಿನ ತೀರ್ಪನ್ನು ಎತ್ತಿಹಿಡಿಯಿತು. ಸಣ್ಣ ಗಾಡಿಯವರಿಗೆ ಇದು ಅನುಕೂಲ. ಆದರೆ ಅಲ್ಲಿ ಪೈಪೋಟಿಯೂ ಹೆಚ್ಚು. ಹೆವಿ ಲೈಸೆನ್ಸುಳ್ಳವನ ಮುಂದೆ ದಾರಿಗಳು ಹೆಚ್ಚಾಗಿರುತ್ತವೆ. ಪೆಟ್ರೋಲು, ಗ್ಯಾಸು ಮೊದಲಾದ ಅಪಾಯಕರ ಸರಕಿಗೆ ಬೇರೆ ತರಬೇತಿಯೂ ಲೈಸೆನ್ಸಿನಲ್ಲಿ ಬೇರೆ ನಮೂದೂ ಬೇಕು. ಲೋಡಿದ್ದ ಕಾಲದಲ್ಲಿ ಇವಕ್ಕೆ ಬಿಡುವಿಲ್ಲವೆನ್ನುವವನು, ಲೋಡಿಲ್ಲದ ಕಾಲದಲ್ಲಿ ಹಣವಿಲ್ಲವೆನ್ನುತ್ತಾನೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಇಲ್ಲಿ ಪಾಠ ಹೇಳುವವರಾದ ನಾವು ಒಂದು ಮಾತನ್ನು ಒತ್ತಿ ಹೇಳಬೇಕು. ಸರಕಿನ ಗಾಡಿ ನಡೆಸಲು ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು ತೆಗೆದುಹಾಕಲು 2019ರಲ್ಲಿ ಸರ್ಕಾರವು ನಿಶ್ಚಯಿಸಿತು. ಓದಲಾಗದ ಬಡವನಿಗೆ ಬಾಗಿಲು ತೆರೆದದ್ದು ನ್ಯಾಯವೇ. ಆದರೆ ಅಪಾಯಕರ ಸರಕಿನ ನಿಯಮವು ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಬಲ್ಲವನನ್ನೇ ಕೇಳುತ್ತದೆ. 2018ರಿಂದ ಇ-ವೇ ಬಿಲ್ಲು ಬಂದಿದೆ, ಲೆಕ್ಕವೆಲ್ಲ ಮೊಬೈಲಿನಲ್ಲಿದೆ. ಲೈಸೆನ್ಸಿನ ಬಾಗಿಲು ಅಗಲವಾಯಿತು. ಒಳ್ಳೆಯ ಕೆಲಸದ ಬಾಗಿಲು ಅಕ್ಷರ ಬಲ್ಲವನಿಗೇ ಉಳಿಯಿತು. ತಾನು ಹೊರುವ ಸರಕಿನ ಬಿಲ್ಲನ್ನು ತಾನೇ ಓದಬಲ್ಲ ಚಾಲಕನನ್ನು ಯಜಮಾನನು ಸುಲಭವಾಗಿ ಬಿಡುವುದಿಲ್ಲ.

ಮುಗ್ಗಟ್ಟಿನಲ್ಲಿ ಮನುಷ್ಯನು ಮಾಡಬಾರದ ಕೆಲಸಗಳೂ ಉಂಟು. ಸಾಲ ಮಾಡಿ ಸ್ವಂತ ಲಾರಿ ಕೊಳ್ಳುವ ಆಸೆ ಸಹಜವಾದದ್ದು. ಆದರೆ ಎರಡು ತಿಂಗಳು ಲೋಡಿಲ್ಲದಿದ್ದರೂ ಕಂತು ಕಟ್ಟುವ ಗಂಟು ಕೈಯಲ್ಲಿಲ್ಲದವನಿಗೆ ಅದು ಲಾರಿಯಲ್ಲ, ಕೊರಳ ಕಲ್ಲು. ಇನ್ನೊಂದು, ಕೆಲಸ ತಪ್ಪೀತೆಂಬ ಭಯದಿಂದ ನಿದ್ದೆಗೆಟ್ಟು ಓಡಿಸುವುದು. ಇದು ಯೋಗ್ಯತೆಯಲ್ಲ; ಮನೆಯವರ ಪಾಲಿಗೆ ದ್ರೋಹ. ಆ ಚಾಲಕರನ್ನು ಯಜಮಾನರು ಏಕೆ ಉಳಿಸಿಕೊಂಡರೆಂದು ನಾವು ಕೇಳಿದಾಗ ಆತ ಹೇಳಿದ್ದಿಷ್ಟು: “ಆಗಲ್ಲ ಅಂದ ದಿನ ಆಗಲ್ಲ ಅಂತಲೇ ಹೇಳಿದ್ದೇನೆ. ಅದಕ್ಕೇ ಆಗುತ್ತೆ ಅಂದರೆ ನಂಬುತ್ತಾರೆ.”

ಇನ್ನು ಉಳಿದ ಮೂವರು. ಅವರು ಅಯೋಗ್ಯರಲ್ಲ, ಅವರಿಗೆ ಗಾಡಿ ಸಾಲಲಿಲ್ಲ, ಅಷ್ಟೆ. ಐವರೂ ಸಮಾನವಾಗಿ ನಿಪುಣರಾದರೂ ಎರಡು ಗಾಡಿಗೆ ಇಬ್ಬರೇ ಸಾಕು. ಅವರ ಹೊರೆಯನ್ನು ಯಾರಾದರೂ ಹೊರಬೇಕು. ಮೋಟಾರು ಸಾರಿಗೆ ಕೆಲಸಗಾರರಿಗಾಗಿ 1961ರಲ್ಲಿ ಬಂದ ಕಾಯದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನು ವಿಧಿಸಿತು. ಆದರೆ ಐದು ಮಂದಿ ಕೆಲಸಗಾರರಿಲ್ಲದ ಚಿಕ್ಕ ಯಜಮಾನನನ್ನು ಅದು ಮುಟ್ಟಲಿಲ್ಲ. ನಮ್ಮ ಲಾರಿಗಳಲ್ಲಿ ಬಹುಪಾಲು ಚಿಕ್ಕ ಯಜಮಾನರವೇ. ಅಸಂಘಟಿತ ಕೆಲಸಗಾರರ ನೋಂದಣಿಗೆಂದು 2021ರಲ್ಲಿ ಇ-ಶ್ರಮ್ ಆರಂಭವಾಯಿತು. 2024ರಲ್ಲಿ ಕರ್ನಾಟಕವು ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿಯೇ ಒಂದು ಕಾಯದೆಯನ್ನು ಮಾಡಿತು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಕಾಯದೆಯು ಪುಸ್ತಕದ ಬದನೆಕಾಯಿಯೇ. ಚಾಲಕ ಬಂಧುಗಳು ಹೆಸರು ಬರೆಯಿಸಿಕೊಳ್ಳಬೇಕು. ಅಕ್ಷರ ಬಲ್ಲ ನೆರೆಯವರಾದ ನಾವು ಅರ್ಜಿ ತುಂಬಿಸಿಕೊಡಬೇಕು.

ಲಾರಿ ಹಿಂದೆ ಬಂದು ಹಾರನ್ನು ಹೊಡೆದಾಗ ನಾವು ಗೊಣಗುತ್ತ ದಾರಿ ಬಿಡುತ್ತೇವೆ. ದಾರಿಯಲ್ಲಿ ಲಾರಿಯೇ ಕಾಣದಿದ್ದ 2020ರ ಆ ದಿನಗಳನ್ನು ಒಮ್ಮೆ ನೆನೆದರೆ, ಆ ಸದ್ದು ಅಷ್ಟೇನೂ ಕಠೋರವಾಗಿ ಕೇಳಿಸದು. ಊರಿಗೆ ಅನ್ನ ತರುವವನ ಮನೆಯಲ್ಲಿ ಒಲೆ ಆರದಂತೆ ನೋಡಿಕೊಳ್ಳುವುದರಲ್ಲಿ ಅರ್ಧ ಅವನ ಕೆಲಸ, ಅರ್ಧ ನಮ್ಮ ಕೆಲಸ.