ಮದ್ಯ ಬಿಟ್ಟ ಮೇಲಿನ ಮದ

ಈ ಭಾಷಣಕ್ಕೆ ಒಪ್ಪಿಕೊಳ್ಳುವ ಮೊದಲು ಆಕಾಶವಾಣಿಯ ಮಿತ್ರರಲ್ಲಿ ನಾನೊಂದು ಬಿನ್ನಹ ಮಾಡಿಕೊಂಡೆ. ನನ್ನ ಹೆಸರನ್ನು ಹೇಳಬಾರದು, ‘ಒಬ್ಬ ನಿವೃತ್ತ ಕನ್ನಡ ಪ್ರಾಧ್ಯಾಪಕರು’ ಎಂದಷ್ಟೇ ಹೇಳಬೇಕು ಎಂದು. ಮೂವತ್ತು ವರ್ಷಗಳಿಗೂ ಮೀರಿ ವೇದಿಕೆಗಳ ಮೇಲೆ ಮಾತನಾಡಿದವನು ನಾನು. ಹೆಸರಿಲ್ಲದೆ ಮಾತನಾಡುತ್ತಿರುವುದು ಇದೇ ಮೊದಲು. ನಾಚಿಕೆಯಿಂದ ಹೀಗೆ ಕೇಳಿಕೊಂಡೆನೆಂದು ಕೆಲವರು ಭಾವಿಸಬಹುದು. ನಾಚಿಕೆ ಒಂದಿಷ್ಟು ಇದ್ದೇ ಇದೆ. ಆದರೆ ಮುಖ್ಯ ಕಾರಣ ಅದಲ್ಲ. ಅದೇನೆಂಬುದು ಮಾತು ಮುಗಿಯುವ ವೇಳೆಗೆ ತಮಗೆ ತಿಳಿದೀತು.

ನಾನು ಕುಡಿತಕ್ಕೆ ದಾಸನಾಗಿದ್ದವನು. ಈಗ ಕುಡಿಯುತ್ತಿಲ್ಲ. ಬಿಟ್ಟು ಇನ್ನೂ ವರ್ಷ ತುಂಬಿಲ್ಲ. ಆದ್ದರಿಂದ ಇದನ್ನು ಗೆದ್ದವನ ಮಾತೆಂದು ತಾವು ಕೇಳಬಾರದು. ಹೊಳೆ ದಾಟಿ ದಡದಲ್ಲಿ ನಿಂತವನು ಆಡುವ ಮಾತು ಬೇರೆ, ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದುಕೊಂಡವನು ಆಡುವ ಮಾತು ಬೇರೆ. ನನ್ನದು ಎರಡನೆಯ ಬಗೆಯದು.

ಭಾಷೆ ಕಲಿಸಿ ಬದುಕಿದವನಾದ್ದರಿಂದ ಪದಗಳಿಂದಲೇ ಆರಂಭಿಸುತ್ತೇನೆ. ‘ವ್ಯಸನ’ ಎಂಬ ಪದಕ್ಕೆ ಕನ್ನಡದಲ್ಲಿ ಚಟ ಎಂಬ ಅರ್ಥವೂ ಇದೆ, ದುಃಖ ಎಂಬ ಅರ್ಥವೂ ಇದೆ. ಕುಡಿಯುವವನಿಗೆ ಅದು ಚಟ. ಅವನ ಮನೆಯವರಿಗೆ ದುಃಖ. ಇನ್ನು ‘ಮದ್ಯ’ ಮತ್ತು ‘ಮದ’ ಒಂದೇ ಧಾತುವಿನಿಂದ ಹುಟ್ಟಿದವು. ಮದವೆಂದರೆ ಅಮಲು, ಮದವೆಂದರೆ ಗರ್ವ ಕೂಡ. ನಮ್ಮ ಹಿರಿಯರು ಎಂಟು ಮದಗಳನ್ನು ಎಣಿಸಿದರು: ಕುಲ, ಛಲ, ಧನ, ರೂಪ, ಯೌವನ, ರಾಜ್ಯ, ವಿದ್ಯೆ, ತಪಸ್ಸು. ಈ ಪಟ್ಟಿಯನ್ನು ತರಗತಿಗಳಲ್ಲಿ ಎಷ್ಟೋ ಸಲ ಒಪ್ಪಿಸಿದ್ದೇನೆ. ಅದರ ಕೊನೆಯ ಎರಡು ಮದಗಳು ನನ್ನ ಕಥೆಯೇ ಎಂದು ಆಗ ತಿಳಿದಿರಲಿಲ್ಲ.

ಚಟ ಹೇಗೆ ಹತ್ತಿತು ಎಂಬುದರಲ್ಲಿ ವಿಶೇಷವೇನೂ ಇಲ್ಲ. ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಪರಊರಿಗೆ ಹೋದಾಗ, ವಸತಿಗೃಹದ ಸಂಜೆಗಳಲ್ಲಿ ಆರಂಭವಾಯಿತು. ವರ್ಷಕ್ಕೆ ಎರಡು ಸಲ ಇದ್ದದ್ದು ತಿಂಗಳಿಗೆ ಬಂತು, ವಾರಕ್ಕೆ ಬಂತು, ದಿನಕ್ಕೆ ಬಂತು. ಕಡೆಗೆ ಒಂದು ಬೆಳಗ್ಗೆ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ನಡುಗಿತು. ಅಂದಿನಿಂದ ಬರೆಯುವ ಕೈ ನಡುಗದಿರಲೆಂದು ಬೆಳಗ್ಗೆಯೂ ಕುಡಿಯತೊಡಗಿದೆ. ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಮುಂದಿನ ಬೆಂಚುಗಳು ಖಾಲಿಯಾಗುತ್ತ ಬಂದದ್ದಕ್ಕೆ ಬೇರೆ ಕಾರಣಗಳನ್ನು ಹುಡುಕಿಕೊಂಡಿದ್ದೆ.

ನಿವೃತ್ತನಾದ ಮೇಲೆ ಚಟ ಇನ್ನೂ ಬಲಿಯಿತು. ಒಂದು ದಿನ ಯಾರಿಗೂ ಹೇಳದೆ ಥಟ್ಟನೆ ನಿಲ್ಲಿಸಿದೆ. ಎರಡನೆಯ ರಾತ್ರಿ ಗೋಡೆಯ ಮೇಲೆ ಇಲ್ಲದ ಹುಳುಗಳು ಹರಿದಾಡಿದವು. ಮನೆಯವರು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ವೈದ್ಯರು ಹೇಳಿದ್ದನ್ನು, ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ. ದಿನವೂ ವಿಪರೀತ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸುವುದು ಧೈರ್ಯವಲ್ಲ, ಅಪಾಯ. ಆರೆಂಟು ಗಂಟೆಗಳಲ್ಲಿ ನಡುಕ ಹುಟ್ಟುತ್ತದೆ. ಮೊದಲ ಎರಡು ದಿನಗಳಲ್ಲಿ ಸೆಳವು ಬರಬಹುದು. ಎರಡು ಮೂರು ದಿನಗಳಾಗುವಾಗ ಭ್ರಾಂತಿ ಕವಿಯಬಹುದು. ಪ್ರಾಣಹೋದದ್ದೂ ಉಂಟು. ಆದ್ದರಿಂದ ವೈದ್ಯರ ಕಣ್ಣಳತೆಯಲ್ಲಿಯೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಛಲವೊಂದೇ ಸಾಕೆಂದು ನಂಬಿದ ನನಗೆ ಮೈ ಕಲಿಸಿದ ಮೊದಲ ಪಾಠ ಇದು.

ಆದರೆ ಆ ಪಾಠವನ್ನು ನಾನು ಬೇಗ ಮರೆತೆ. ಕೈ ನಡುಗುವುದು ನಿಂತಿತು, ಅನ್ನ ರುಚಿಸಿತು, ಪುಸ್ತಕ ಹಿಡಿದರೆ ಅಕ್ಷರ ನಿಂತಿತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತ ಬಂದೆ. ಗೀಟುಗಳು ಹೆಚ್ಚಿದಂತೆ ನನ್ನ ದನಿಯೂ ಏರಿತು. ಬಂದವರಿಗೆಲ್ಲ ಲೆಕ್ಕ ಒಪ್ಪಿಸಿದೆ. ಬೀದಿಯಲ್ಲಿ ಕುಡಿದು ತೂರಾಡುವವನನ್ನು ಕಂಡರೆ, ಮೊನ್ನೆಮೊನ್ನೆಯವರೆಗೆ ಅವನೇ ನಾನಾಗಿದ್ದೆನೆಂಬುದನ್ನು ಮರೆತು, ಹುಬ್ಬು ಗಂಟಿಕ್ಕಿದೆ. ಹಿರಿಯರು ಹೇಳಿದ ತಪೋಮದ ಇದೇ. ಮದ್ಯ ಹೋದ ಜಾಗಕ್ಕೆ ಮದ ಬಂದು ಕುಳಿತಿತ್ತು; ಅಮಲು ಇಳಿದಿರಲಿಲ್ಲ.

ಮೂರು ತಿಂಗಳು ತುಂಬಿದ ವಾರ ಹಳೆಯ ವಿದ್ಯಾರ್ಥಿಗಳು ಒಂದು ಸಮಾರಂಭಕ್ಕೆ ಕರೆದರು. ಸಂಯಮದ ಮೇಲೆ ಮಾತನಾಡಿದೆ, ಒಳ್ಳೆಯ ಭಾಷಣ, ಚಪ್ಪಾಳೆಯೂ ಬಿತ್ತು. ರಾತ್ರಿ ಊಟದ ನಂತರ ಹಳೆಯ ಗೆಳೆಯರು ಮಹಡಿಯ ಕೋಣೆಯಲ್ಲಿ ಸೇರಿದರು. ನನ್ನನ್ನು ಕಂಡು ಸಂಕೋಚದಿಂದ ಸೀಸೆಯನ್ನು ಮರೆಮಾಡಿದರು. ನಾನು ಅಲ್ಲಿಂದ ಎದ್ದು ಬರಬಹುದಾಗಿತ್ತು. “ಕುಡಿಯಿರಿ, ನನಗೇನೂ ಆಗುವುದಿಲ್ಲ” ಎಂದು ನಾನೇ ಸೀಸೆ ಈಚೆಗೆ ತೆಗೆಸಿದೆ. ಒಂದು ಗಂಟೆ ಕಾಲ ಅವರ ನಡುವೆ ಕುಳಿತು ಉಪದೇಶವನ್ನೂ ಮಾಡಿದೆ. ಆಮೇಲೆ, ಮೂರು ತಿಂಗಳು ಬಿಟ್ಟಿರಬಲ್ಲವನನ್ನು ಒಂದು ಲೋಟ ಏನು ಮಾಡೀತು ಎಂಬ ಯೋಚನೆ ಬಂತು. ಆ ಒಂದು ಲೋಟ ಹನ್ನೊಂದು ದಿನ ಮುಗಿಯಲಿಲ್ಲ. ಇದನ್ನು ನಾನು ಮತ್ತೆ ಮತ್ತೆ ನೆನೆದು ನೋಡಿದ್ದೇನೆ. ಅಂದು ನನಗೆ ಬಾಯಾರಿಕೆ ಇರಲಿಲ್ಲ, ದುಃಖವಿರಲಿಲ್ಲ. ಲೋಟವನ್ನು ನನ್ನ ಕೈಗಿತ್ತದ್ದು ಚಪ್ಪಾಳೆ.

ಮತ್ತೆ ಆಸ್ಪತ್ರೆಯಾಯಿತು. ಹೊರಬರುವಾಗ ವೈದ್ಯರು, ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಒಂದು ಕೂಟದ ವಿಳಾಸ ಕೊಟ್ಟರು. ಅದು ಸೇರುತ್ತಿದ್ದದ್ದು ಒಂದು ಪ್ರಾಥಮಿಕ ಶಾಲೆಯ ಕೊಠಡಿಯಲ್ಲಿ. ಬೆಂಚುಗಳು ಎಳೆಯ ಮಕ್ಕಳವು. ದೊಡ್ಡವರು ಕೂರಬೇಕಾದರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಅಂದು ಮಾತನಾಡಿದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ಅವರು ತಮ್ಮ ಮನೆ ಹಾಳಾದ ಕಥೆ ಹೇಳುತ್ತಿದ್ದರೆ ನಾನು ಅವರ ಅಕಾರ ಹಕಾರಗಳನ್ನು ಮನಸ್ಸಿನಲ್ಲೇ ತಿದ್ದುತ್ತ ಕುಳಿತಿದ್ದೆ. ಎಂಟರಲ್ಲಿ ಏಳನೆಯದಾದ ವಿದ್ಯಾಮದವನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ನನ್ನ ಸರದಿ ಬಂದಾಗ, ಕುಡಿದ ಹನ್ನೊಂದು ದಿನಗಳನ್ನು ಎರಡು ಮಾತಿನಲ್ಲಿ ಮುಗಿಸಿ, ಬಿಟ್ಟಿದ್ದ ಮೂರು ತಿಂಗಳನ್ನು ವಿಸ್ತಾರವಾಗಿ ವರ್ಣಿಸಿದೆ. ಕೂಟ ಮುಗಿದ ಮೇಲೆ ಆ ಕಂಡಕ್ಟರು ಚಹಾ ತಂದುಕೊಟ್ಟು, ಪಕ್ಕದಲ್ಲಿ ಕುಳಿತು ಹೇಳಿದರು: “ಮೇಷ್ಟ್ರೇ, ನಿನ್ನೆ ಟಿಕೆಟ್ ತೋರ್ಸಿ ಇವತ್ತು ಬಸ್ ಹತ್ತಿದ್ರೆ ನಾನು ಇಳಿಸ್ತಿದ್ದೆ. ಅದು ಸುಳ್ಳು ಟಿಕೆಟ್ ಅಂತಲ್ಲ, ನಿಜವಾದ್ದೇ. ಆದ್ರೆ ನಿನ್ನೇದು.”

ಇಷ್ಟು ವರ್ಷ ಓದಿದ ಶಾಸ್ತ್ರದಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತು ನನಗೆ ಸಿಕ್ಕಿರಲಿಲ್ಲ. ಅಂದು ಮನೆಗೆ ಬಂದು ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿದೆ.

ಓದುವ ಚಟ ಮಾತ್ರ ಬಿಟ್ಟಿರಲಿಲ್ಲವಾದ್ದರಿಂದ, ಬೇರೆ ದೇಶದವರು ಇದನ್ನು ಹೇಗೆ ಕಲಿತರೆಂದು ಹುಡುಕಿ ಓದಿದೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಹೆಂಡದಂಗಡಿಯೊಂದರಲ್ಲಿ ಆರು ಜನ ಕುಡುಕರು ಕಲೆತು, ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ತಮ್ಮ ಸಂಘಕ್ಕೆ ವಾಷಿಂಗ್‌ಟನ್ನರ ಹೆಸರಿಟ್ಟರು. ಬಿಟ್ಟವರು ಸಾರ್ವಜನಿಕ ವೇದಿಕೆ ಹತ್ತಿ ತಮ್ಮ ಪತನದ ಕಥೆಯನ್ನೂ ಉದ್ಧಾರದ ಕಥೆಯನ್ನೂ ಹೇಳುವುದು ಅವರ ಪದ್ಧತಿ. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಪ್ರತಿಜ್ಞೆಗೆ ಸಹಿ ಹಾಕಿದರು. ಹಾಗೆಯೇ ಕೆಲವೇ ವರ್ಷಗಳಲ್ಲಿ ಆ ಚಳವಳಿ ಕರಗಿಯೂ ಹೋಯಿತು. ಅದಕ್ಕೆ ಕಾರಣಗಳು ಹಲವು. ಆ ಕಾಲದ ಭಾಷಣಕಾರರಲ್ಲಿ ಜಾನ್ ಗಾಫ್ ಎಂಬವರು ಬಹಳ ಪ್ರಸಿದ್ಧರು. 1842ರಲ್ಲಿ ಕುಡಿತ ಬಿಟ್ಟು ಸಾವಿರಾರು ಜನರನ್ನು ಮಾತಿನಿಂದ ಸೆಳೆದ ಅವರು 1845ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ಕುಡಿದು ಸಿಕ್ಕಿಬಿದ್ದರು. ಪತ್ರಿಕೆಗಳು ಅದನ್ನು ಡಂಗುರ ಹೊಡೆದವು. ಆದರೂ ಅವರು ಎದ್ದರು. 1886ರಲ್ಲಿ ತೀರಿಕೊಳ್ಳುವವರೆಗೆ ಅದೇ ಕೆಲಸ ಮಾಡಿದರು. ಅವರ ಕಥೆಯನ್ನು ಓದುವಾಗ ಮಹಡಿಯ ಆ ಕೋಣೆ ನನ್ನ ಕಣ್ಣಮುಂದೆ ನಿಂತಿತ್ತು.

ಮುಂದೆ 1935ರಲ್ಲಿ ಇನ್ನೊಂದು ಘಟನೆ ನಡೆಯಿತು. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವರು ಕುಡಿತ ಬಿಟ್ಟು ಆಗಿನ್ನೂ ಐದು ತಿಂಗಳಾಗಿತ್ತು. ಆ ಐದು ತಿಂಗಳು ಅವರು ಎಷ್ಟೋ ಕುಡುಕರಿಗೆ ಉಪದೇಶ ಮಾಡಿದ್ದರು, ಒಬ್ಬರೂ ಬಿಟ್ಟಿರಲಿಲ್ಲ. ಮೇ ತಿಂಗಳಲ್ಲಿ ಆಕ್ರನ್ ಎಂಬ ಊರಿಗೆ ಕೆಲಸದ ಮೇಲೆ ಹೋದರು, ಕೆಲಸ ಕೆಟ್ಟಿತು. ಹೋಟೆಲಿನ ಹಜಾರದ ಒಂದು ಕಡೆ ಮದ್ಯದಂಗಡಿ, ಇನ್ನೊಂದು ಕಡೆ ಟೆಲಿಫೋನು. ಅವರು ಟೆಲಿಫೋನಿನ ಕಡೆಗೆ ಹೋಗಿ, ತನ್ನಂಥ ಇನ್ನೊಬ್ಬ ಕುಡುಕ ಈ ಊರಿನಲ್ಲಿ ಇದ್ದಾನೆಯೇ ಎಂದು ವಿಚಾರಿಸಿದರು. ಅವನನ್ನು ಉದ್ಧರಿಸುವುದಕ್ಕಲ್ಲ, ತಾನು ಉಳಿಯುವುದಕ್ಕೆ. ಹಾಗೆ ದೊರೆತವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಹದಿನೈದು ನಿಮಿಷಕ್ಕೆಂದು ಕುಳಿತ ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಆ ಮೇಲೂ ವೈದ್ಯರು ಒಮ್ಮೆ ಜಾರಿದರು. ಕೊನೆಯ ಬಾರಿ ಕುಡಿದದ್ದು ಜೂನ್ 10ರಂದು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಹುಟ್ಟು ಅಂದಿನಿಂದ ಎಂದು ಲೆಕ್ಕ. ಅನಾನಿಮಸ್ ಎಂದರೆ ಹೆಸರಿಲ್ಲದವರು. ಪತ್ರಿಕೆ, ರೇಡಿಯೋ, ಚಲನಚಿತ್ರಗಳ ಮಟ್ಟದಲ್ಲಿ ಸದಸ್ಯರು ತಮ್ಮ ಪೂರ್ಣ ಹೆಸರನ್ನು ಪ್ರಕಟಿಸಬಾರದೆಂಬುದು ಅವರು ಆಮೇಲೆ ಬೆಳೆಸಿಕೊಂಡ ಸಂಪ್ರದಾಯ. ಅದು ಸದಸ್ಯರ ಮಾನ ಕಾಯುವುದು ಮಾತ್ರವಲ್ಲ, ಅವರ ಮದವನ್ನೂ ಕಾಯುತ್ತದೆ.

ತನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬನನ್ನು ಹುಡುಕಿದ ಈ ಕಥೆಯನ್ನು ಓದಿದಾಗ ಮಹಾಭಾರತದ ಆದಿಪರ್ವ ನೆನಪಿಗೆ ಬಂತು. ಶುಕ್ರಾಚಾರ್ಯ ಸತ್ತವರನ್ನು ಬದುಕಿಸುವ ಸಂಜೀವಿನೀ ವಿದ್ಯೆಯನ್ನು ಬಲ್ಲವನು. ಅಷ್ಟು ಬಲ್ಲವನೇ, ಶಿಷ್ಯ ಕಚನ ಬೂದಿಯನ್ನು ಅಸುರರು ಸುರೆಯಲ್ಲಿ ಕಲಸಿ ಕೊಟ್ಟಾಗ ತಿಳಿಯದೆ ಕುಡಿದುಬಿಟ್ಟ. ವಿದ್ಯೆ ಅವನನ್ನು ಕಾಯಲಿಲ್ಲ. ಮಗಳು ದೇವಯಾನಿಯ ಅಳುವನ್ನು ಕೇಳಿ ಕರೆದರೆ ಶಿಷ್ಯ ಹೊಟ್ಟೆಯೊಳಗಿನಿಂದ ಓಗೊಟ್ಟ. ಶಿಷ್ಯ ಹೊರಬಂದರೆ ಗುರು ಸಾಯಬೇಕು. ಆಗ ಶುಕ್ರ ತನ್ನ ಮಂತ್ರವನ್ನು ಶಿಷ್ಯನಿಗೇ ಉಪದೇಶಿಸಿದ. ಕಚ ಗುರುವಿನ ಉದರ ಸೀಳಿ ಹೊರಬಂದು, ಅದೇ ಮಂತ್ರದಿಂದ ಗುರುವನ್ನು ಬದುಕಿಸಿದ. ಸುರಾಪಾನಕ್ಕೆ ಶುಕ್ರ ನಿಷೇಧ ಹಾಕಿದ್ದು ಆಮೇಲೆ.

ಈ ಪ್ರಸಂಗವನ್ನು ಬಹಳ ವರ್ಷ ಪಾಠ ಮಾಡಿದೆ. ನಿಷೇಧದ ಮೇಲೆಯೇ ಒತ್ತು ಕೊಟ್ಟು ಹೇಳುತ್ತಿದ್ದೆ. ಈಗ ಕಾಣುವುದು ಬೇರೆ: ಆ ಗುರು ತನ್ನ ವಿದ್ಯೆಯನ್ನು ಕೊಟ್ಟು, ಶಿಷ್ಯನ ಕೈಯಿಂದ ತನ್ನ ಜೀವವನ್ನು ಪಡೆದ. ವಿನಯವೆಂದರೆ ತಲೆ ತಗ್ಗಿಸಿ ನಿಲ್ಲುವ ಭಂಗಿಯಲ್ಲ. ತನ್ನನ್ನು ತಾನೇ ಬದುಕಿಸಿಕೊಳ್ಳಲಾರೆನೆಂಬ ತಿಳಿವಳಿಕೆ. ನನ್ನ ಕಚ ಖಾಕಿ ತೊಟ್ಟು, ಚರ್ಮದ ಚೀಲ ಹೆಗಲಿಗೆ ಹಾಕಿ ದುಡಿದವನು.

ಇನ್ನೊಂದು ಪಾಠ ಮನೆಯಲ್ಲಿ ಆಯಿತು. ನಾನು ಕುಡಿದು ಬಂದಿದ್ದೇನೋ ಇಲ್ಲವೋ ಎಂಬುದನ್ನು ನನ್ನ ಹೆಂಡತಿ ಗೇಟಿನ ಅಗುಳಿ ತೆಗೆಯುವ ಸದ್ದಿನಿಂದಲೇ ಅರಿಯುತ್ತಿದ್ದಳು. ಎರಡನೆಯ ಬಾರಿ ಬಿಟ್ಟು ನಾಲ್ಕೈದು ತಿಂಗಳಾದ ಮೇಲೂ, ಅಗುಳಿ ಸದ್ದಾದರೆ ಒಲೆಯ ಮೇಲಿನದನ್ನು ಹಾಗೆಯೇ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಒಂದು ಸಂಜೆ ನನಗೆ ರೇಗಿತು. “ಇನ್ನೂ ನಂಬಿಕೆ ಇಲ್ಲವೇನು?” ಎಂದೆ. ಅವಳು ಸಿಟ್ಟಾಗಲಿಲ್ಲ. “ನಂಬಿಕೆ ಇದೆ ಅಂದ್ರೆ. ಕಿವಿಗೆ ಇನ್ನೂ ಗೊತ್ತಾಗಿಲ್ಲ” ಎಂದಳು. ಇಪ್ಪತ್ತು ವರ್ಷ ಹೆದರಿದ ಕಿವಿ ಐದು ತಿಂಗಳಿಗೆ ಮರೆಯಬೇಕೆಂದು ನಾನು ನಿರೀಕ್ಷಿಸಿದ್ದೆ. ಬಿಟ್ಟವನಿಗೆ ಬಹುಮಾನ ಬೇಕೆನಿಸುತ್ತದೆ. ಆದರೆ ಬಿಟ್ಟದ್ದು ಸಾಲ ಮಾಡುವುದನ್ನು ನಿಲ್ಲಿಸಿದಂತೆ ಅಷ್ಟೆ. ತೀರಿಸುವುದು ಇನ್ನೂ ಇದೆ. ಈಗ ನಾನು ಅಗುಳಿಯನ್ನು ಮೆಲ್ಲಗೆ ತೆಗೆಯುತ್ತೇನೆ. ತೆಗೆದು, ಅವಳು ಬಾಗಿಲಿಗೆ ಬರುವವರೆಗೆ ಅಲ್ಲಿಯೇ ನಿಲ್ಲುತ್ತೇನೆ.

ವಿನಯದ ಹೆಸರಿನಲ್ಲಿ ಒಂದು ಅಪಾಯವೂ ಉಂಟು. ನಾನು ಪಾಪಿ, ಕೆಟ್ಟವನು, ಯಾವುದಕ್ಕೂ ಬಾರದವನು ಎಂದು ಹಗಲಿರುಳು ಹಳಿದುಕೊಳ್ಳುವುದು ವಿನಯವಲ್ಲ. ಅದೂ ತನ್ನನ್ನೇ ನಡುವೆ ಕೂರಿಸಿಕೊಳ್ಳುವ ಬಗೆ; ಆ ನೋವು ತಾಳಲಾರದೆ ಮನಸ್ಸು ಮತ್ತೆ ಸೀಸೆಯನ್ನೇ ನೆನೆಯುತ್ತದೆ. ವಿನಯದ ಕೆಲಸ ಸಣ್ಣದು, ದಿನದ್ದು. ಹಳೆಯ ಕೋಣೆಗೆ ಹೋಗಿ ತನ್ನನ್ನು ತಾನು ಪರೀಕ್ಷಿಸದಿರುವುದು. ಹಸಿವು, ಸಿಟ್ಟು, ಒಂಟಿತನ, ಆಯಾಸಗಳು ಬಂದಾಗ ಯಾರಿಗಾದರೂ ಮೊದಲೇ ಹೇಳುವುದು. ಜಾರಿದರೆ ಬಚ್ಚಿಡದೆ ಅದೇ ದಿನ ಹೇಳುವುದು. ಮಕ್ಕಳ ಬೆಂಚಿನಲ್ಲಿ ಕೂರುವುದು.

ಎಂದೂ ಕುಡಿಯದ ಮಿತ್ರರಿಗೂ ಒಂದು ಮಾತು. ಅಬ್ರಹಾಂ ಲಿಂಕನ್ ಇನ್ನೂ ವಕೀಲರಾಗಿದ್ದಾಗ, 1842ರ ಫೆಬ್ರವರಿ 22ರಂದು, ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವಾಷಿಂಗ್‌ಟನ್ ಸಂಘದವರ ಮುಂದೆ ಮಾತನಾಡಿದರು. ಕುಡಿತಕ್ಕೆ ಬೀಳದವರು ಉಳಿದದ್ದು ಹೆಚ್ಚಾಗಿ ಅವರಿಗೆ ಆ ಹಸಿವು ಇಲ್ಲದ್ದರಿಂದಲೇ ಹೊರತು, ಬುದ್ಧಿಯಲ್ಲಿ ಶೀಲದಲ್ಲಿ ಮೇಲಾದ್ದರಿಂದ ಅಲ್ಲ ಎಂಬುದು ಅವರ ಮಾತಿನ ಸಾರ. ಅವರಿಗೆ ಸ್ವತಃ ಕುಡಿಯುವ ಅಭ್ಯಾಸವಿರಲಿಲ್ಲ. ತಮ್ಮ ಮನೆಯಲ್ಲೋ ನೆರೆಯಲ್ಲೋ ಒಬ್ಬರು ಬಿಡಲು ಹೆಣಗುತ್ತಿದ್ದರೆ ಅವರನ್ನು ಹೊಗಳಬೇಡಿ, ಹಳಿಯಲೂ ಬೇಡಿ. ಪಕ್ಕದಲ್ಲಿ ಕುಳಿತು ಒಂದು ಲೋಟ ಚಹಾ ಕೊಡಿ.

ಹೆಸರು ಬೇಡವೆಂದದ್ದಕ್ಕೆ ಕಾರಣ ಈಗ ತಿಳಿದಿರಬೇಕು. ಹೆಸರಿನ ಹಿಂದೆ ಚಪ್ಪಾಳೆ ಬರುತ್ತದೆ. ಚಪ್ಪಾಳೆಯ ಹಿಂದೆ ಏನು ಬರುತ್ತದೆ ಎಂಬುದನ್ನು ನಾನು ಒಮ್ಮೆ ಕಂಡಿದ್ದೇನೆ. ಕಡೆಯದಾಗಿ ಒಂದು ನಿಜವನ್ನು ಹೇಳಬೇಕು. ಈ ಭಾಷಣ ಇಂದು ಧ್ವನಿಮುದ್ರಣವಾಗುತ್ತಿದೆ. ತಾವು ಕೇಳುವ ಹೊತ್ತಿಗೆ ಕೆಲವು ದಿನಗಳು ಕಳೆದಿರುತ್ತವೆ. ಈ ದನಿ ಇಂದು ಕುಡಿದಿಲ್ಲ. ಅಷ್ಟಕ್ಕೆ ಮಾತ್ರ ನಾನು ಹೊಣೆ. ತಾವು ಕೇಳುವ ದಿನದ ಟಿಕೆಟನ್ನು ಆ ದಿನ ಬೆಳಗ್ಗೆ ನಾನು ಹೊಸದಾಗಿ ಕೊಳ್ಳಬೇಕು. ಕೊಂಡಿರುತ್ತೇನೆ ಎಂಬುದು ನನ್ನ ಆಸೆ.